ಕೆಂಪು ಶಾಯಿಯ ಸಹಿ ಎಲ್ಲಿ ಹೋಯಿತು?

ಅಕ್ಕನ ಮಗನ ವೈಯಕ್ತಿಕ ಶಿಕ್ಷಣ ಯೋಜನೆಯ ಮೂರನೇ ಪುಟದಲ್ಲಿ ಹೀಗೆ ಬರೆದಿತ್ತು: ‘ಬಣ್ಣಗಳನ್ನು ಗುರುತಿಸುತ್ತಾಳೆ. ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಾಳೆ. ಊಟಕ್ಕೆ ಮೊದಲು ಕೈ ತೊಳೆಯಲು ನೆನಪಿಸಬೇಕಾಗುತ್ತದೆ.’ ವಿಶೇಷ ಅಗತ್ಯವುಳ್ಳ ಮಗುವಿಗೆ ಏನು, ಹೇಗೆ ಕಲಿಸಬೇಕೆಂದು ಬರೆದಿಡುವ ಕಾಗದ ಅದು. ಮೊದಲ ಪುಟದಲ್ಲಿದ್ದ ಹೆಸರು ಅವನದೇ, ಅಂಟಿಸಿದ ಫೋಟೋ ಅವನದೇ. ಆಗ ಅವನು ಆರನೇ ತರಗತಿ. ಭಿನ್ನರಾಶಿ ಲೆಕ್ಕ ಬಿಡಿಸುತ್ತಿದ್ದ. ಮನೆಯ ಕಿರಾಣಿ ಚೀಟಿ ಬರೆಯುವವನೂ ಅವನೇ. ಅವನಿಗಿರುವುದು ಶ್ರವಣದೋಷ. ಎದುರು ನಿಂತು, ತುಟಿ ಕಾಣುವಂತೆ ಮಾತಾಡಿದರೆ ಎಲ್ಲವೂ ತಿಳಿಯುತ್ತದೆ. ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ.

ಕನ್ನಡದ ಕ್ರಿಯಾಪದವೇ ನಿಜ ಹೇಳಿತು. ಎಲ್ಲೋ ಒಬ್ಬ ಹುಡುಗಿಗೆ ಬರೆದ ಯೋಜನೆಯನ್ನು ಹಾಗೇ ಎತ್ತಿ, ಮೊದಲ ಪುಟ ಮಾತ್ರ ಬದಲಿಸಿ, ಇವನ ಕಡತಕ್ಕೆ ಸೇರಿಸಿದ್ದರು. ಆ ಹುಡುಗಿಯ ಬಗ್ಗೆಯೂ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ಮಾತುಗಳು ಅವಳನ್ನು ನೋಡಿಯೇ ಬರೆದವೋ, ಅವಳ ಕಡತವೂ ಇನ್ನೊಬ್ಬರದರ ನಕಲೋ?

ತಪ್ಪು ಬರೆದವರ ಮೇಲಿನ ಸಿಟ್ಟು ಒಂದೆರಡು ದಿನಕ್ಕೆ ಇಳಿಯಿತು. ಅದನ್ನು ತಿದ್ದಿಸಲು ಅಕ್ಕ ಮತ್ತು ನಾನು ಅಲೆದದ್ದು ಹದಿನಾಲ್ಕು ತಿಂಗಳು. ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕಿನಲ್ಲಿ ನಡೆದ ಆ ಅಲೆದಾಟದಲ್ಲಿ ನಮಗೆ ಸಿಕ್ಕವರಲ್ಲಿ ದುಷ್ಟರು ಯಾರೂ ಇರಲಿಲ್ಲ. ಕೂರಿಸಿ ಚಹಾ ಕೊಟ್ಟವರಿದ್ದರು, ಹುಡುಗನ ತಲೆ ಸವರಿದವರಿದ್ದರು. ಆದರೆ ‘ಈ ತಪ್ಪು ನಮ್ಮದು, ಇಂಥ ದಿನದೊಳಗೆ ಸರಿ ಮಾಡುತ್ತೇನೆ’ ಎಂದು ಒಂದು ಸಾಲು ಬರೆದು ಸಹಿ ಮಾಡುವವರು ಸಿಗಲಿಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳ ಕಾಗದಪತ್ರದ ಬಗ್ಗೆ ಮಾತಾಡುವಾಗ ನಾವು ತಪ್ಪುಗಳನ್ನಷ್ಟೇ ಎಣಿಸುತ್ತೇವೆ. ನನಗೆ ಕಂಡ ರೋಗ ಬೇರೆ. ತಪ್ಪನ್ನು ತಿದ್ದುವುದು ಯಾರ ಕೆಲಸ ಎಂಬುದೇ ಈ ವ್ಯವಸ್ಥೆಯಲ್ಲಿ ಎಲ್ಲಿಯೂ ಬರೆದಿಟ್ಟಂತಿಲ್ಲ.

ಈ ಕಾಗದಗಳು ಹೇಗೆ ಹುಟ್ಟುತ್ತವೆ ಎಂಬುದು ಬಹಳಷ್ಟು ಪಾಲಕರಿಗೆ ತಿಳಿದಿರುವುದಿಲ್ಲ. ಶಾಲೆಯ ಶಿಕ್ಷಕರು ಮಗುವನ್ನು ಗುರುತಿಸಿ ಪಟ್ಟಿಗೆ ಸೇರಿಸುತ್ತಾರೆ. ತಾಲೂಕು ಮಟ್ಟದಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರ ನಡೆಯುತ್ತದೆ. ಅಲ್ಲಿ ವೈದ್ಯರು ನೋಡಿ ನ್ಯೂನತೆಯ ಬಗೆ ಮತ್ತು ಪ್ರಮಾಣವನ್ನು ಬರೆಯುತ್ತಾರೆ. ಅದರ ಆಧಾರದ ಮೇಲೆ, ಇಲ್ಲವೆ ಜಿಲ್ಲಾ ಆಸ್ಪತ್ರೆಯ ಪರೀಕ್ಷೆಯ ಮೇಲೆ, ನ್ಯೂನತೆಯ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಬರುತ್ತದೆ. ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ನಡುವೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ನೀಲಿ ಪಟ್ಟಿಯ ಕಾರ್ಡು. ಇತ್ತ ಶಾಲೆ ತನ್ನ ಲಾಗಿನ್‌ನಿಂದ ವಿದ್ಯಾರ್ಥಿಗಳ ದಾಖಲೆ ಇಡುವ ರಾಜ್ಯದ ಸ್ಯಾಟ್ಸ್ ತಂತ್ರಾಂಶದಲ್ಲಿ, ಕೇಂದ್ರದ ಯುಡೈಸ್ ಪ್ಲಸ್‌ನಲ್ಲಿ ಮಗುವಿನ ವಿವರ ತುಂಬಿಸುತ್ತದೆ. 2022-23ರಿಂದ ಯುಡೈಸ್ ಪ್ಲಸ್‌ನಲ್ಲಿ ಒಂದೊಂದು ಮಗುವಿನ ವಿವರವೂ ಪ್ರತ್ಯೇಕವಾಗಿ ದಾಖಲಾಗುತ್ತಿದೆ. ಕೊನೆಗೆ, ತಾಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ನಮ್ಮ ಕಡೆ ಎಲ್ಲರೂ ಬಿ.ಐ.ಇ.ಆರ್.ಟಿ. ಎಂದೇ ಕರೆಯುವವರು, ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುತ್ತಾರೆ.

ಅಂದರೆ ಒಂದು ಮಗುವಿನ ಬಗ್ಗೆ ನಾಲ್ಕೈದು ಕಡೆ ನಾಲ್ಕೈದು ಮಂದಿ ಬರೆಯುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ತಾಳೆ ಹಾಕಬೇಕೆಂಬ ಕಟ್ಟುಪಾಡು ನನ್ನ ಕಣ್ಣಿಗೆ ಎಲ್ಲಿಯೂ ಬೀಳಲಿಲ್ಲ.

ನಮ್ಮ ಹುಡುಗನ ವಿಷಯದಲ್ಲಿ ಯುಡಿಐಡಿ ಕಾರ್ಡು ಸರಿಯಾಗಿಯೇ ಇತ್ತು. ಕಿವಿ ಪರೀಕ್ಷೆಯ ವರದಿಯಾದ ಆಡಿಯೋಗ್ರಾಂ ಸರಿಯಾಗಿತ್ತು, ಎರಡೂ ಕಿವಿಯಲ್ಲಿ 60 ಡೆಸಿಬೆಲ್ ದಾಟಿದ ನಷ್ಟ. ಕಾನೂನಿನ ಮಾತಿನಲ್ಲಿ 60ರಿಂದ 70 ಡೆಸಿಬೆಲ್ ಇದ್ದರೆ ಮಂದ ಶ್ರವಣ, 70 ಮತ್ತು ಅದಕ್ಕಿಂತ ಹೆಚ್ಚಾದರೆ ಕಿವುಡುತನ. ತಪ್ಪಾದದ್ದು ಶಾಲೆಯ ಆನ್‌ಲೈನ್ ದಾಖಲೆಯಲ್ಲಿ. 2016ರ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. ಪರದೆಯ ಮೇಲೆ ಆ ಪಟ್ಟಿಯಿಂದ ಒಂದನ್ನು ಆರಿಸಬೇಕು. ಅಲ್ಲಿ ಯಾರೋ ‘ಬೌದ್ಧಿಕ ನ್ಯೂನತೆ’ಯನ್ನು ಆರಿಸಿದ್ದರು. ಒಂದು ಕ್ಲಿಕ್ಕು. ಆ ವಿವರ ಹಿಡಿದುಕೊಂಡೇ ಯೋಜನೆ ತಯಾರಾಯಿತು, ಹಾಗಾಗಿ ಅವನ ಪಾಲಿಗೆ ಬಣ್ಣ ಗುರುತಿಸುವ ಪಾಠ ಬಂತು.

ಇದರಿಂದ ಏನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಒಂದು ಶಬ್ದ ತಪ್ಪಾದ್ರ ಏನಾತ್ರಿ, ಮಗು ಅದ ಅಲ್ಲ’ ಎಂದವರನ್ನು ನಾನು ಕಂಡಿದ್ದೇನೆ. ಸಮಗ್ರ ಶಿಕ್ಷಣ ಯೋಜನೆಯಡಿ ಸಾಧನ ಸಲಕರಣೆಗಳು ಬರುವುದು ಪಟ್ಟಿಯ ಪ್ರಕಾರ. ಅಂಥ ಸಾಧನ ತಯಾರಿಸುವ ಕಾನ್ಪುರದ ಅಲಿಂಕೋ ನಿಗಮದ ಜೊತೆಗಿನ ಶಿಬಿರಗಳಿಗೆ ಯಾರನ್ನು ಕರೆಯಬೇಕೆಂಬುದೂ ಪಟ್ಟಿಯ ಪ್ರಕಾರವೇ. ಶ್ರವಣದೋಷದ ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗನನ್ನು ಶ್ರವಣಸಾಧನದ ಶಿಬಿರಕ್ಕೆ ಕರೆಯಲಿಲ್ಲ. ಅವನ ಹಳೆಯ ಯಂತ್ರ ಕೆಟ್ಟು ಏಳು ತಿಂಗಳಾಗಿತ್ತು. ಆ ಏಳು ತಿಂಗಳು ಅವನು ತರಗತಿಯಲ್ಲಿ ಕುಳಿತದ್ದು ನಿಶ್ಶಬ್ದದಲ್ಲಿ.

ಅದಕ್ಕಿಂತ ಆಳದ ಪೆಟ್ಟು ಇನ್ನೊಂದು. ವರ್ಗ ಬದಲಾದಾಗ ಹೊಸ ಮಾಸ್ತರರು ಬಂದರು. ಅವರು ಮಗುವನ್ನು ನೋಡುವ ಮೊದಲು ಕಾಗದ ನೋಡಿದರು. ‘ಬುದ್ಧಿ ಮಂದ’ ಎಂದು ತಿಳಿದು, ಪಾಪ, ಪ್ರೀತಿಯಿಂದಲೇ, ಅವನಿಗೆ ಪ್ರಶ್ನೆ ಕೇಳುವುದನ್ನು ಬಿಟ್ಟರು. ಉಳಿದ ಮಕ್ಕಳು ಗಣಿತ ಮಾಡುವಾಗ ಇವನಿಗೆ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿದರು. ಬೌದ್ಧಿಕ ನ್ಯೂನತೆ ಇರುವ ಮಗುವಿಗೂ ಹೀಗೆ ಮಾಡಬಾರದು, ಅದು ಬೇರೆ ಮಾತು. ನಮ್ಮ ಹುಡುಗ ಮನೆಗೆ ಬಂದು ಚಿತ್ರ ತುಂಬಿದ ವಹಿಯನ್ನು ಅಕ್ಕನ ಮುಂದಿಟ್ಟು ಕೇಳಿದ: ‘ನನಗ ಯಾಕ ಒಂದನೇತ್ತಾದ ಅಭ್ಯಾಸ ಕೊಡ್ತಾರ?’ ಅಕ್ಕ ಆ ಮೂರನೇ ಪುಟ ತೆಗೆಸಿ ನೋಡಿದ್ದು ಆ ದಿನದ ಮೇಲೆ.

ತಿದ್ದಿಸುವ ಕೆಲಸ ಮುಖ್ಯೋಪಾಧ್ಯಾಯರಿಂದ ಶುರುವಾಯಿತು. ‘ಪಟ್ಟಿ ಬಿ.ಆರ್.ಸಿ.ಯಿಂದ ಬಂದದ್ರಿ, ನಾವು ಅದನ್ನ ನೋಡಿ ತುಂಬೀವಿ’ ಎಂದರು. ಬಿ.ಆರ್.ಸಿ. ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ‘ಶಾಲಿ ಲಾಗಿನ್‌ನ್ಯಾಗ ತುಂಬಿದ್ದು, ಅವರನ್ನ ಕೇಳ್ರಿ’ ಎಂದರು. ಬಿ.ಐ.ಇ.ಆರ್.ಟಿ. ಅವರು ಸಿಕ್ಕದ್ದು ಮೂರನೇ ಭೇಟಿಯಲ್ಲಿ. ಬೆಳಿಗ್ಗೆಯಿಂದ ಎರಡು ಹಳ್ಳಿ ಸುತ್ತಿ ಬಂದ ದಣಿವು ಮುಖದ ಮೇಲಿತ್ತು. ‘ತಪ್ಪಾಗೇದ ಅಕ್ಕಾರ, ನನಗ ಗೊತ್ತಾತು. ಆದ್ರ ಡಾಟಾ ಫೈನಲ್ ಆಗೇತಿ, ಲಾಗಿನ್ ಬಂದ್ ಆಗೇತಿ. ಮುಂದಿನ ವರ್ಷ ನೋಡೂಣು’ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಮುಂದಿನ ವರ್ಷ ಆ ಜಾಗಕ್ಕೆ ಬೇರೆಯವರು ಬಂದಿದ್ದರು. ನಮ್ಮ ಮಾತು ಬಾಯಿಮಾತಾಗಿಯೇ ಉಳಿದಿದ್ದರಿಂದ ಹೊಸಬರಿಗೆ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಇದನ್ನು ನೆನೆದಾಗಲೆಲ್ಲ ನನಗೆ ಹಳೆಯ ಜನರಲ್ ರಜಿಸ್ಟರು ಕಣ್ಣ ಮುಂದೆ ಬರುತ್ತದೆ. ಬೆಳಗಾವಿಯೂ ಆಗಿನ ಬಿಜಾಪುರ ಜಿಲ್ಲೆಯೂ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಆ ಕಾಲದಿಂದ ಬಂದ ದಪ್ಪ ರಟ್ಟಿನ ದಾಖಲಾತಿ ವಹಿಗಳು ನಮ್ಮ ಭಾಗದ ಹಳೆಯ ಕನ್ನಡ ಗಂಡು ಮಕ್ಕಳ ಶಾಲೆಗಳ ಕಪಾಟಿನಲ್ಲಿ ಇನ್ನೂ ಸಿಗುತ್ತವೆ. ನಮ್ಮ ಅಜ್ಜನ ಹೆಸರಿರುವ ವಹಿಯ ಪುಟವನ್ನು ನಾನೊಮ್ಮೆ ನೋಡಿದ್ದೆ. ಹುಟ್ಟಿದ ತಾರೀಖು ತಪ್ಪಾಗಿ ಬಿದ್ದಿತ್ತು. ಅದನ್ನು ಕೆರೆದು ಅಳಿಸಿರಲಿಲ್ಲ. ಕೆಳಗಿನ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಕೆಂಪು ಶಾಯಿಯಲ್ಲಿ ಸರಿಯಾದ ತಾರೀಖು ಬರೆದು, ಷರಾ ಕಾಲಮ್ಮಿನಲ್ಲಿ ಕಾರಣ ನಮೂದಿಸಿ, ಹೆಡ್‌ಮಾಸ್ತರರು ದಿನಾಂಕ ಸಮೇತ ಸಹಿ ಮಾಡಿದ್ದರು. ಆ ಒಂದು ಅಂಗುಲ ಜಾಗದಲ್ಲಿ ತಪ್ಪು ಯಾವುದು, ಸರಿ ಯಾವುದು, ಯಾಕೆ ತಿದ್ದಿದರು, ಯಾರು ತಿದ್ದಿದರು, ಯಾವಾಗ ತಿದ್ದಿದರು ಎಲ್ಲವೂ ಇತ್ತು.

ಇಂದಿನ ತಂತ್ರಾಂಶದಲ್ಲಿ ಶಾಲೆಗೆ ಒಂದೇ ಲಾಗಿನ್. ಅದನ್ನು ಮುಖ್ಯೋಪಾಧ್ಯಾಯರೂ ಬಳಸುತ್ತಾರೆ, ಕಂಪ್ಯೂಟರ್ ಬಲ್ಲ ಅತಿಥಿ ಶಿಕ್ಷಕರೂ ಬಳಸುತ್ತಾರೆ, ಕೆಲವೊಮ್ಮೆ ಊರಿನ ಸೈಬರ್ ಅಂಗಡಿಯ ಹುಡುಗನೂ ಬಳಸುತ್ತಾನೆ. ಹಳೆಯ ಅಕ್ಷರದ ಮೇಲೆ ಹೊಸ ಅಕ್ಷರ ಬಿದ್ದರೆ ಪಾಲಕರ ಕಣ್ಣಿಗೆ ಹಳೆಯದರ ಗುರುತು ಕಾಣುವುದಿಲ್ಲ. ವಿವರ ಒಳಗೆಲ್ಲೋ ದಾಖಲಾಗಿರಬಹುದು. ಮಗುವಿನ ತಾಯಿಗೆ ಅದರಿಂದ ಉಪಯೋಗವಿಲ್ಲ. ಕಾಗದ ಬಿಟ್ಟು ಪರದೆಗೆ ಬಂದದ್ದು ಒಳ್ಳೆಯದೇ, ನಾನು ಹಿಂದಕ್ಕೆ ಹೋಗಬೇಕೆನ್ನುವವನಲ್ಲ. ಆದರೆ ಬರುವಾಗ ಕೆಂಪು ಶಾಯಿಯನ್ನು ಅಲ್ಲಿಯೇ ಮರೆತು ಬಂದೆವು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರು ಜಿಲ್ಲೆಗಳಲ್ಲಿ ತಪ್ಪು ಹೆಚ್ಚಾಗಲು ನೆಲದ ಕಾರಣಗಳೂ ಇವೆ. ಬೆಳಗಾವಿಯಲ್ಲಿ ಒಂದೇ ಮಗುವಿನ ಹೆಸರು ಮರಾಠಿ ಶಾಲೆಯಲ್ಲಿ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ, ಆಸ್ಪತ್ರೆಯ ಕನ್ನಡ ಚೀಟಿಯಲ್ಲಿ ಮತ್ತೊಂದು ಬಗೆ ಬರೆದಿರುತ್ತದೆ. ದೇವನಾಗರಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ದಾಟುವಾಗ ಒಂದು ಅಕ್ಷರ ಕಳಚಿ ಬಿದ್ದರೂ ಸಾಕು, ಭತ್ಯೆಯ ಹಣ ಖಾತೆಗೆ ಬರುವುದಿಲ್ಲ. ಮೇಲಾಗಿ 2014ರ ನವೆಂಬರಿನಲ್ಲಿ ಊರುಗಳ ಹೆಸರೂ ಬದಲಾದವು. ಈಗ ಪ್ರೌಢಶಾಲೆಯಲ್ಲಿರುವ ಅನೇಕ ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಇಂಗ್ಲಿಷಿನಲ್ಲಿ ಬೆಲ್ಗಾಂ, ಬಿಜಾಪುರ ಎಂದೇ ಇದೆ. ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯಲು, ಗೋವಾ ಮತ್ತು ಮಹಾರಾಷ್ಟ್ರಕ್ಕೆ ಕಟ್ಟಡ ಕೆಲಸಕ್ಕೆ ಹೋಗುವ ಕುಟುಂಬಗಳ ಮಕ್ಕಳು ಶಿಬಿರದ ದಿನ ಊರಲ್ಲೇ ಇರುವುದಿಲ್ಲ. ಅಂಥ ಮಗುವಿಗೆ ಹಿಂದಿನ ವರ್ಷದ ವಿವರವನ್ನೇ ಮುಂದುವರಿಸುವುದು ಸುಲಭದ ದಾರಿ. ಬಾಗಲಕೋಟೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರಿಗೆ ಊರೇ ಎದ್ದು ಹೋದಾಗ ಶಾಲೆಗಳ ಕಪಾಟುಗಳೂ ಎದ್ದು ಹೋದವು. 2010ರ ಕೃಷ್ಣಾ ನ್ಯಾಯಮಂಡಳಿ ತೀರ್ಪಿನಂತೆ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಕೆಲಸ ಮುಂದುವರಿದರೆ ಇನ್ನಷ್ಟು ಶಾಲೆಗಳು ಸ್ಥಳ ಬದಲಿಸಬೇಕು. ಪುನರ್ವಸತಿ ಎಂದರೆ ಮನೆ, ಹೊಲ, ಪರಿಹಾರ ಎಂದು ಲೆಕ್ಕ ಹಾಕುವವರು ಮಕ್ಕಳ ಕಡತಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಪ್ರಮಾಣಪತ್ರಗಳಿಗೆ ಅವಧಿಯೂ ಇರುತ್ತದೆ. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಎಂಟನೇ ವಯಸ್ಸಿನಲ್ಲಿ ಪರೀಕ್ಷೆ, ಮತ್ತೆ 14ಕ್ಕೆ, ಮತ್ತೆ 18ಕ್ಕೆ ಎಂದು ಹೇಳಿದ್ದರು. ಹದಿನಾಲ್ಕು ಎಂದರೆ ಎಂಟನೆಯದೋ ಒಂಬತ್ತನೆಯದೋ ತರಗತಿ, ಎಸ್ಸೆಸ್ಸೆಲ್ಸಿ ವಿನಾಯಿತಿಗೆ ಕಾಗದ ಜೋಡಿಸುವ ಹೊತ್ತು. ನೆನಪಿಸುವವರು ಯಾರು? ಸಾಮಾನ್ಯವಾಗಿ ಯಾರೂ ಇಲ್ಲ.

ಕಾನೂನು ಏನು ಹೇಳುತ್ತದೆ ಎಂದು ನಾನು ಓದಲು ಕುಳಿತದ್ದು ಎಂಟನೇ ತಿಂಗಳಲ್ಲಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 16ನೇ ಕಲಮು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳಿಗೂ ಅನ್ವಯಿಸುತ್ತದೆ, ಖಾಸಗಿಯವರೂ ತಪ್ಪಿಸಿಕೊಳ್ಳುವಂತಿಲ್ಲ. ನ್ಯೂನತೆಯಿರುವ ಪ್ರತಿಯೊಬ್ಬ ವಿದ್ಯಾರ್ಥಿಯ ಭಾಗವಹಿಸುವಿಕೆ, ಕಲಿಕೆಯ ಮಟ್ಟ, ಓದು ಪೂರೈಸುವಿಕೆ ಇವುಗಳ ಮೇಲೆ ನಿಗಾ ಇಡಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ‘ಪ್ರತಿಯೊಬ್ಬ’ ಎನ್ನುವ ಮಾತಿಗೆ ಬೆಲೆಯಿದೆ. ಯಾವ ನ್ಯೂನತೆ ಎಂಬುದನ್ನೇ ತಪ್ಪಾಗಿ ಬರೆದುಕೊಂಡು ಪ್ರಗತಿಯ ಮೇಲೆ ನಿಗಾ ಇಡುವುದು ಸಾಧ್ಯವಿಲ್ಲ. ಆದ್ದರಿಂದ ತಪ್ಪು ದಾಖಲೆಯನ್ನು ಗೊತ್ತಿದ್ದೂ ಹಾಗೇ ಬಿಡುವುದು ನನ್ನ ಓದಿನಲ್ಲಿ ಆ ಕಲಮಿನ ಉಲ್ಲಂಘನೆಯೇ. ಕಾಯ್ದೆಯ 89ನೇ ಕಲಮಿನಲ್ಲಿ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ ಐದು ಲಕ್ಷದವರೆಗೆ ದಂಡವಿದೆ.

ಆದರೆ ಇದೇ ಕಾಯ್ದೆಯಲ್ಲಿ ವೈಯಕ್ತಿಕ ಶಿಕ್ಷಣ ಯೋಜನೆ ಎಂಬ ಹೆಸರೇ ಇಲ್ಲ. ವೈಯಕ್ತಿಕವಾದ ನೆರವು ಕೊಡಬೇಕು ಎಂದಿದೆ, ಅದನ್ನು ಬರೆಯುವ ಕಾಗದಕ್ಕೆ ಕಾನೂನಿನ ಸ್ಥಾನ ಕೊಟ್ಟಿಲ್ಲ. ಇನ್ನೊಂದು ಸಂಗತಿ ನನ್ನನ್ನು ತುಂಬ ಕಾಡಿತು. 23ನೇ ಕಲಮಿನಲ್ಲಿ ಪ್ರತಿ ಸರ್ಕಾರಿ ಕಚೇರಿಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ದೂರುಗಳ ರಜಿಸ್ಟರ್ ಇಡಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಿಸಬೇಕು ಎಂದಿದೆ. ಓದಿ ಹಿಗ್ಗಿದೆ. ಮತ್ತೊಮ್ಮೆ ಓದಿದಾಗ ತಿಳಿಯಿತು, ಅದು ಉದ್ಯೋಗದಲ್ಲಿನ ತಾರತಮ್ಯಕ್ಕೆ ಮಾತ್ರ. ನೌಕರನಿಗೆ ಎರಡು ವಾರದ ಗಡುವು ಇದೆ. ಶಾಲೆಯ ಮಗುವಿಗೆ ಅಂಥ ರಜಿಸ್ಟರೂ ಇಲ್ಲ, ಗಡುವೂ ಇಲ್ಲ. 2017ರ ಕೇಂದ್ರ ನಿಯಮಗಳು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ನ್ಯೂನತೆಯುಳ್ಳ ಮಕ್ಕಳ ದಾಖಲಾತಿ ಮತ್ತು ಸೌಲಭ್ಯಕ್ಕೆಂದೇ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಹೇಳುತ್ತವೆ. ಎಷ್ಟು ದಿನದಲ್ಲಿ ಉತ್ತರಿಸಬೇಕೆಂದು ಅಲ್ಲಿಯೂ ಇಲ್ಲ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನ ದಾರಿ ಇದೆ: ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ. ಮೂರು ತಿಂಗಳು ಎಂದರೆ ಶಾಲಾ ವರ್ಷದ ಕಾಲುಭಾಗಕ್ಕಿಂತ ಹೆಚ್ಚು.

ಅಮೆರಿಕದಲ್ಲಿ ವೈಯಕ್ತಿಕ ಶಿಕ್ಷಣ ಯೋಜನೆಗೆ 1975ರಿಂದಲೇ ಕಾನೂನಿನ ಬಲವಿದೆ, ಪಾಲಕರನ್ನು ಕೂರಿಸಿಕೊಂಡು ಬರೆಯಬೇಕು, ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಅಲ್ಲಿನ 1974ರ ಇನ್ನೊಂದು ಕಾನೂನಿನ ಪ್ರಕಾರ ಪಾಲಕರು ಮಗುವಿನ ದಾಖಲೆಯನ್ನು ತಿದ್ದಲು ಕೇಳಬಹುದು. ಶಾಲೆ ಒಪ್ಪದಿದ್ದರೆ ವಿಚಾರಣೆ. ಅಲ್ಲಿಯೂ ಸೋತರೆ ಪಾಲಕರ ಹೇಳಿಕೆಯನ್ನು ಆ ದಾಖಲೆಯ ಜೊತೆಗೇ ಇಡಬೇಕು. ಅಲ್ಲಿನ ತಾಯಂದಿರೂ ಶಾಲೆಗಳ ಜೊತೆ ಗುದ್ದಾಡುತ್ತಾರೆ, ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಕೊನೆಯ ಏರ್ಪಾಡು ನನಗೆ ಬಹಳ ಹಿಡಿಸಿತು. ‘ಈ ಪುಟ ನನ್ನ ಮಗನದಲ್ಲ’ ಎಂಬ ಅಕ್ಕನ ಒಂದು ಸಾಲು ಆ ಕಡತದಲ್ಲಿ ಇದ್ದಿದ್ದರೆ, ಹೊಸ ಮಾಸ್ತರರು ಅದನ್ನೂ ಓದುತ್ತಿದ್ದರು.

ನಮ್ಮ ಸುಪ್ರೀಂ ಕೋರ್ಟಿನ ಎದುರೂ ಇಂಥದೇ ಪ್ರಶ್ನೆ ಬಂದಿತ್ತು. 2021ರ ನೀಟ್ ಪರೀಕ್ಷೆಯಲ್ಲಿ ಬರೆಯುವುದು ಕಷ್ಟವಾಗುವ ಡಿಸ್‌ಗ್ರಾಫಿಯಾ ಎಂಬ ನ್ಯೂನತೆ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ನಿಯಮದಂತೆ ಸಿಗಬೇಕಿದ್ದ ಒಂದು ಗಂಟೆ ಹೆಚ್ಚುವರಿ ಸಮಯ ಸಿಗಲಿಲ್ಲ. ಪರೀಕ್ಷಾ ಕೇಂದ್ರದಲ್ಲಿದ್ದವರಿಗೆ ನಿಯಮದ ಅರಿವೇ ಇರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಾಲಯ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಆದರೆ ಹಕ್ಕು ಇದ್ದವಳು ಬೇರೆಯವರ ತಪ್ಪಿಗೆ ನಷ್ಟ ಅನುಭವಿಸಿದ್ದಾಳೆ ಎಂದು ಒಪ್ಪಿ, ಅದನ್ನು ಸರಿಪಡಿಸುವ ಬಗೆಯನ್ನು ಒಂದು ವಾರದೊಳಗೆ ಯೋಚಿಸುವಂತೆ ಪರೀಕ್ಷಾ ಸಂಸ್ಥೆಗೆ ಹೇಳಿತು. ಕೇಂದ್ರದವರ ತಪ್ಪಿಗೆ ಮೇಲಿನ ಸಂಸ್ಥೆಯೇ ಹೊಣೆ ಹೊರಬೇಕಾಯಿತು. ‘ನಮ್ಮ ಕೈಯಾಗಿಲ್ರಿ’ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಹಾಗಾದರೆ ಸಿಬ್ಬಂದಿಯ ಹೊಣೆ ಹೇಗೆ ನಿಗದಿಯಾಗಬೇಕು? ದೂರು ಬಂದಾಗ ನಮ್ಮಲ್ಲಿ ನಡೆಯುವುದು ಒಂದೇ: ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ ಕಾರಣ ಕೇಳಿ ನೋಟಿಸು. ಗೃಹಾಧಾರಿತ ಶಿಕ್ಷಣದ ಸ್ವಯಂಸೇವಕಿಗೋ ಗುತ್ತಿಗೆಯ ಡಾಟಾ ಆಪರೇಟರಿಗೋ ಬಿಸಿ ಮುಟ್ಟಿಸಿ ಕಡತ ಮುಚ್ಚುತ್ತಾರೆ. ಅದರಿಂದ ತಪ್ಪು ಕಡಿಮೆಯಾಗುವುದಿಲ್ಲ, ಮುಚ್ಚಿಡುವುದು ಹೆಚ್ಚುತ್ತದೆ. ಮುಂದಿನ ಸಲ ತಪ್ಪು ಕಂಡ ಆಪರೇಟರು ಬಾಯಿ ಬಿಡುವುದಿಲ್ಲ. ನಮಗೆ ‘ತಪ್ಪಾಗೇದ’ ಎಂದು ಒಪ್ಪಿಕೊಂಡ ಆ ಬಿ.ಐ.ಇ.ಆರ್.ಟಿ. ಅವರಿಗೆ ಶಿಕ್ಷೆಯಾಗಿದ್ದರೆ ನಾನು ಅವರ ಪರ ನಿಲ್ಲುತ್ತಿದ್ದೆ. ತಾಲೂಕಿಗೆ ಅವರಂಥವರು ಬೆರಳೆಣಿಕೆ, ಶಾಲೆಗಳು ನೂರಾರು. ಸಾಮಾನ್ಯ ಶಾಲೆಗಳಲ್ಲಿ ಪ್ರಾಥಮಿಕ ಹಂತದ ಹತ್ತು ವಿಶೇಷ ಮಕ್ಕಳಿಗೆ ಒಬ್ಬರು, ಮುಂದಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲೇ ಹೇಳಿದೆ. 2025ರ ಮಾರ್ಚಿನಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸುವಂತೆ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಒಂದು ಬೈಕಿನ ಮೇಲೆ ಇಡೀ ತಾಲೂಕು ಸುತ್ತುವ ಮನುಷ್ಯ ರಾತ್ರಿ ಕುಳಿತು ಅರವತ್ತು ಯೋಜನೆ ಬರೆಯಬೇಕಾದರೆ ಅವನು ನಕಲು ಮಾಡಿಯೇ ಮಾಡುತ್ತಾನೆ. ಹುದ್ದೆ ತುಂಬದವರ ತಪ್ಪನ್ನು ಅವನ ಕೊರಳಿಗೆ ಕಟ್ಟಬಾರದು.

ಆದರೆ ತಪ್ಪನ್ನು ತೋರಿಸಿ ಅರ್ಜಿ ಕೊಟ್ಟ ಮೇಲೂ ತಿದ್ದದಿರುವುದು ಬೇರೆ ಸಂಗತಿ. ಅದಕ್ಕೆ ಕೆಲಸದ ಹೊರೆಯ ನೆಪ ನಡೆಯುವುದಿಲ್ಲ. ಅಲ್ಲಿ ಹೊಣೆ ಮೊದಲು ಮುಖ್ಯೋಪಾಧ್ಯಾಯರದು, ನಂತರ ಕ್ಷೇತ್ರ ಶಿಕ್ಷಣಾಧಿಕಾರಿಯದು, ಯಾಕೆಂದರೆ ಅಧಿಕಾರ ಇರುವುದು ಅವರ ಕೈಯಲ್ಲಿ. ಕರ್ನಾಟಕಕ್ಕೆ ಇದು ಹೊಸ ವಿಚಾರವೂ ಅಲ್ಲ. 2011ರ ಸಕಾಲ ಕಾಯ್ದೆಯಲ್ಲಿ ಅರ್ಜಿದಾರನಿಗೆ ಒಂದು ಸಂಖ್ಯೆ ಸಿಗುತ್ತದೆ, ಸೇವೆಗೆ ಗಡುವು ಇರುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನು ಹೊಣೆಗಾರ ನೌಕರನಿಂದಲೇ ವಸೂಲು ಮಾಡಬಹುದು. ಮೊತ್ತ ದೊಡ್ಡದಲ್ಲ. ಆದರೆ ತಡವಾದದ್ದು ಯಾರಿಂದ ಎಂದು ಹೆಸರು ಹಿಡಿದು ಬರೆಯಬೇಕಾಗುತ್ತದೆ. ಮಗುವಿನ ನ್ಯೂನತೆಯ ವಿವರ ತಿದ್ದುವುದನ್ನೂ ಅಂಥ ಗಡುವಿನ ಸೇವೆಯಾಗಿ ಘೋಷಿಸಬೇಕು. ಹದಿನೈದು ದಿನ ಸಾಕು. ದತ್ತಾಂಶ ಅಂತಿಮಗೊಳಿಸಿದ ಮೇಲೂ ಈ ಒಂದು ವಿವರದ ತಿದ್ದುಪಡಿಗೆ ಬಾಗಿಲು ತೆರೆದಿರಬೇಕು. ಯೋಜನೆಯ ಪ್ರತಿ ಪುಟದಲ್ಲೂ ಬರೆದ ವಿಶೇಷ ಶಿಕ್ಷಕರ ಹೆಸರು, ಭಾರತೀಯ ಪುನರ್ವಸತಿ ಪರಿಷತ್ತಿನ ಅವರ ನೋಂದಣಿ ಸಂಖ್ಯೆ, ಮಗುವನ್ನು ಕಣ್ಣಾರೆ ನೋಡಿದ ದಿನಾಂಕ ಇರಬೇಕು. ಅದರ ಕೆಳಗೆ ಪಾಲಕರಿಗೆ ಓದಿ ಹೇಳಿದ ಬಗ್ಗೆ ಅವರ ಸಹಿ. ಓದಲು ಬಾರದ ತಾಯಿಗೆ ಅವಳ ಮಾತಿನಲ್ಲಿ, ಮರಾಠಿಯೋ ಉರ್ದುವೋ ಲಂಬಾಣಿಯೋ, ಹೇಳಿ ಹೆಬ್ಬೆಟ್ಟು ಒತ್ತಿಸಬೇಕು. ಮೂರನೇ ಪುಟವನ್ನು ಅಕ್ಕನಿಗೆ ಓದಿ ಹೇಳಿದ್ದರೆ ‘ಗುರುತಿಸುತ್ತಾಳೆ’ ಎಂಬಲ್ಲೇ ಅವಳು ಕೈ ಹಿಡಿದು ನಿಲ್ಲಿಸುತ್ತಿದ್ದಳು.

ಈಗಿನ ಏರ್ಪಾಡಿನಲ್ಲೇ ಕೆಲಸ ಆಗಬೇಕಾದವರಿಗೆ ನಮ್ಮ ಅನುಭವದಿಂದ ಹೇಳಬಲ್ಲೆ. ಬಾಯಿಮಾತು ಬೇಡ. ಯುಡಿಐಡಿ ಕಾರ್ಡು, ವೈದ್ಯರ ವರದಿ ಲಗತ್ತಿಸಿ ಮುಖ್ಯೋಪಾಧ್ಯಾಯರಿಗೆ ಅರ್ಜಿ, ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಮತ್ತು ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರಿಗೆ. ಬೆಳಗಾವಿಯವರು ನೆನಪಿಡಬೇಕು, ಬೆಳಗಾವಿ ಮತ್ತು ಚಿಕ್ಕೋಡಿ ಎರಡು ಬೇರೆ ಶೈಕ್ಷಣಿಕ ಜಿಲ್ಲೆಗಳು. ಚಿಕ್ಕೋಡಿಗೆ ಸೇರಿದ ಅಥಣಿಯ ಅರ್ಜಿ ಬೆಳಗಾವಿಯ ಮೇಜಿನ ಮೇಲೆ ಕುಳಿತರೆ ಸುಮ್ಮನೆ ದಿನ ಹೋಗುತ್ತದೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೆಲಸ ಆಗುವುದಿಲ್ಲ ಎಂದರೆ ಹಾಗೆಂದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. ಹಿಂಬರಹ ಎಂದ ಕೂಡಲೇ ಮಾತಿನ ಧಾಟಿ ಬದಲಾಗುವುದನ್ನು ನಾನು ಮೂರು ಕಚೇರಿಗಳಲ್ಲಿ ನೋಡಿದ್ದೇನೆ. ಅದೂ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ: ನನ್ನ ಇಂಥ ದಿನದ ಅರ್ಜಿ ಈಗ ಯಾರ ಬಳಿ ಇದೆ, ಅವರು ಏನು ಕ್ರಮ ಕೈಗೊಂಡಿದ್ದಾರೆ? ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಅದಕ್ಕೂ ಮೇಲೆ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಕಚೇರಿ ಬೆಂಗಳೂರಿನಲ್ಲಿ, ವಿಜಯಪುರದಿಂದ ಐನೂರು ಕಿಲೋಮೀಟರಿನಷ್ಟು ದೂರ. ಅಂಚೆಯಲ್ಲೂ ದೂರು ಕಳಿಸಬಹುದು.

ನಮಗೆ ಕೆಲಸ ಮಾಡಿದ್ದು ಆ ಮಾಹಿತಿ ಹಕ್ಕಿನ ಅರ್ಜಿಯೇ. ಹದಿನಾಲ್ಕನೇ ತಿಂಗಳಲ್ಲಿ ಆನ್‌ಲೈನ್ ದಾಖಲೆಯಲ್ಲಿ ‘ಬೌದ್ಧಿಕ ನ್ಯೂನತೆ’ ಹೋಗಿ ‘ಶ್ರವಣದೋಷ’ ಬಂತು. ಹೊಸ ಯಂತ್ರವೂ ಬಂತು. ಯೋಜನೆಯ ಮೂರನೇ ಪುಟ ಮಾತ್ರ ಕಡತದಲ್ಲಿ ಹಾಗೇ ಇದೆ. ಹೊಸ ಪುಟ ಸೇರಿಸಿದ್ದಾರೆ, ಹಳೆಯದು ತಪ್ಪೆಂದು ಎಲ್ಲಿಯೂ ಬರೆದಿಲ್ಲ.

ಹುಡುಗ ಈಗ ಎಂಟನೇ ತರಗತಿ. ಎಸ್ಸೆಸ್ಸೆಲ್ಸಿಯಲ್ಲಿ ಶ್ರವಣದೋಷದ ಮಕ್ಕಳಿಗೆ ಸಿಗುವ ಭಾಷಾ ವಿನಾಯಿತಿಗೆ ಶಾಲೆಯ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು, ಆಗ ಮತ್ತೆ ಎಲ್ಲ ಕಾಗದಗಳೂ ಒಂದನ್ನೊಂದು ಒಪ್ಪಬೇಕು. ಅಕ್ಕ ಈಗಲೇ ಒಂದು ನೀಲಿ ಪ್ಲಾಸ್ಟಿಕ್ ಫೈಲಿನಲ್ಲಿ ಎಲ್ಲವನ್ನೂ ಜೋಡಿಸಿದ್ದಾಳೆ. ಕಾರ್ಡು, ಆಡಿಯೋಗ್ರಾಂ, ಐದು ಅರ್ಜಿಗಳ ಮುದ್ರೆ ಬಿದ್ದ ಪ್ರತಿಗಳು. ಮೂರನೇ ಪುಟದ ಝೆರಾಕ್ಸೂ ಅದರಲ್ಲಿದೆ. ‘ಗುರುತಿಸುತ್ತಾಳೆ’ ಎಂಬುದರ ಮೇಲೆ ಒಂದೇ ಗೆರೆ ಎಳೆದು, ಕೆಂಪು ಪೆನ್ನಿನಲ್ಲಿ ‘ಗುರುತಿಸುತ್ತಾನೆ’ ಎಂದು ಬರೆದು, ಪಕ್ಕದಲ್ಲಿ ತಾರೀಖು ಹಾಕಿ, ತನ್ನ ಸಹಿ ಮಾಡಿದ್ದಾಳೆ.